ಗುರಿ ತಪ್ಪದ ಕೋವಿ

"ನನ್ನ ಕೋವಿಗೆ ಗುರಿ ತಪ್ಪುವುದೆಂದರೆ ಏನೆಂದೇ ಗೊತ್ತಿಲ್ಲ," ಎಂದ ಕೊಂಡಪ್ಪ ನಾಯಕ, ಬೆಳ್ಳಿ ಕೂರಿಸಿದ ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು. "ಇಂಥದ್ದನ್ನು ನಿಮಗೆ ಕೊಡುತ್ತೇನೆ. ನಿಮ್ಮ ಹಳೆಯದನ್ನು ನನಗೆ ಕೊಡಿ. ಬಿಸಿಲು ಇಳಿಯುವುದರೊಳಗೆ ನಾನು ಹೊರಡಬೇಕು."

ಜಾಲಿಗುಡ್ಡದ ಪಾಳೆಯಗಾರ ಸರ್ಜಪ್ಪ ನಾಯಕ ಇಕ್ಕಟ್ಟಿಗೆ ಸಿಕ್ಕಿದ. ಅವನ ಬಳಿ ಇದ್ದದ್ದು ನಲವತ್ತು ಕುದುರೆ. ನೆರೆಯ ಹಿರೇಕಣಿವೆಯ ಈ ಕೊಂಡಪ್ಪನ ಬಳಿ ಮುನ್ನೂರು. ಜಾಲಿಗುಡ್ಡಕ್ಕೆ ಉಪ್ಪು ಬರುತ್ತಿದ್ದದ್ದೂ ಅವನ ಕಣಿವೆಯ ದಾರಿಯಲ್ಲೇ. ಇಲ್ಲವೆಂದರೆ ನಾಳೆಯಿಂದ ಊರೆಲ್ಲ ಸಪ್ಪೆ ಸಾರು ಉಣ್ಣಬೇಕು.

ಹಾಗೆಂದು ಕೊಡುವುದು ಹೇಗೆ? ಅಜ್ಜನ ಕಾಲದ ಬತ್ತಿಯ ಕೋವಿ ಅದು. ನೋಡಲು ಚೆನ್ನಾಗಿಲ್ಲ, ನಿಜ. ಆದರೆ ಅಂದು ಬೆಳಿಗ್ಗೆ ಬೇಟೆಯಲ್ಲಿ ಹಂದಿಯನ್ನು ಒಂದೇ ಏಟಿಗೆ ಕೆಡವಿದ್ದು ಅದೇ. ಅದನ್ನು ಕಂಡ ಮೇಲೆಯೇ ಕೊಂಡಪ್ಪನಿಗೆ ಈ ಆಸೆ ಹುಟ್ಟಿದ್ದು.

ಸರ್ಜಪ್ಪ ಸುತ್ತ ನೋಡಿದ. ಚಾವಡಿಯ ಕಂಬಕ್ಕೆ ಒರಗಿ ನಿಂತಿದ್ದ ಗಾದ್ರಪ್ಪ ಕಣ್ಣಿಗೆ ಬಿದ್ದ. ಬೇಟೆಗೆ ಹೊರಟಾಗ ಆ ಕೋವಿಯನ್ನು ಹೊರುವವನು ಅವನು, ಒಡ್ಡೋಲಗದಲ್ಲಿ ದೊರೆಯ ಬೇಸರ ಕಳೆಯುವವನೂ ಅವನೇ.

"ಕೋವಿಯ ವಿಚಾರ ನನಗಿಂತ ಗಾದ್ರಪ್ಪನಿಗೆ ಚೆನ್ನಾಗಿ ಗೊತ್ತು," ಎಂದ ಸರ್ಜಪ್ಪ. "ಅವನು ಹೇಳಿದಂತಾಗಲಿ."

ಎರಡು ವರ್ಷದ ಹಿಂದೆ ಕರಡಿಯೊಂದು ಗಾದ್ರಪ್ಪನ ಹೆಗಲಿಗೆ ಕೈ ಹಾಕಿದ್ದಾಗ ಉಳಿಸಿದ್ದು ಆ ಹಳೆಯ ಕೋವಿ. ಬೆಳ್ಳಿಯ ಕೋವಿ ಬಂದರೆ ಮುಂದಿನ ಕರಡಿಗೆ ತಾನೇ ಊಟ. ಬೇಡವೆಂದರೆ ಈ ಮುನ್ನೂರು ಕುದುರೆ. ಆದರೂ ಮುಖದ ಮೇಲೆ ಏನೂ ತೋರಿಸದೆ ಮುಂದೆ ಬಂದು ಕೈ ಮುಗಿದ.

"ಬುದ್ಧಿ, ನಾವು ಪಡೆಯಲಿರುವ ಕೋವಿ ಎಂಥದ್ದೆಂದು ತಮ್ಮ ಬಾಯಿಂದಲೇ ಕೇಳುವ ಆಸೆ."

"ಕೇಳು. ಹಾರುವ ಹಕ್ಕಿಯ ಎಡಗಣ್ಣು ಎಂದರೆ ಎಡಗಣ್ಣೇ. ಬತ್ತಿ ಬೇಡ, ಬೆಂಕಿ ಬೇಡ. ಚಕಮಕಿ ಕಲ್ಲು ತಾನೇ ಕಿಡಿ ಕಾರುತ್ತದೆ. ಒಂದೇ ಗುಂಡಿಗೆ ಎರಡು ಹುಲಿ ಹೊಡೆದಿದ್ದೇನೆ."

"ಇವತ್ತು ಬೆಳಿಗ್ಗೆ ಮೂರು ಸಲ ಹಂದಿಗೆ ಹೊಡೆದಿರಲ್ಲ, ಬುದ್ಧಿ?"

"ಅದು ಹಂದಿಯ ತಪ್ಪು. ನಾನು ಗುರಿಯಿಟ್ಟ ಕಡೆ ಅದು ಬಂದು ನಿಲ್ಲಲಿಲ್ಲ."

"ನಿಜ, ಕಾಡುಹಂದಿಗೆ ರೀತಿ ನೀತಿ ಎಲ್ಲಿಂದ ಬರಬೇಕು? ಇನ್ನು ನಮ್ಮ ಕೋವಿ ಎಂಥದ್ದು, ಬುದ್ಧಿ?"

ಕೊಂಡಪ್ಪ ಮೂಗು ಮುರಿದ. "ಅದು ಕೋವಿಯೇ? ಒನಕೆ. ಹಿಡಿಗೆ ಹುಳ ಹಿಡಿದಿದೆ, ನಳಿಗೆಗೆ ತೇಪೆ ಬಿದ್ದಿದೆ. ನಾಲ್ಕು ಹನಿ ಮಳೆ ಬಂದರೆ ಬತ್ತಿ ಆರಿಹೋಗುತ್ತದೆ. ಏನೋ ನಿಮ್ಮ ನಾಯಕರ ಮೇಲಿನ ಪ್ರೀತಿಗೆ ತೆಗೆದುಕೊಳ್ಳುತ್ತಿದ್ದೇನೆ."

ಗಾದ್ರಪ್ಪ ಥಟ್ಟನೆ ತನ್ನ ದೊರೆಯ ಕಾಲಿಗೆ ಬಿದ್ದ. "ಒಡೆಯರೇ, ನಾನು ಇದಕ್ಕೆ ಒಪ್ಪಲಾರೆ. ಮನೆಗೆ ಬಂದ ನೆಂಟರ ಕೈಯಿಂದ ರತ್ನ ಕಿತ್ತುಕೊಂಡು ಒನಕೆ ಕೊಟ್ಟು ಕಳಿಸಿದರು ಎಂದು ನಾಳೆ ನಾಡೆಲ್ಲ ಆಡಿಕೊಳ್ಳುತ್ತದೆ. ಜಾಲಿಗುಡ್ಡದ ಮರ್ಯಾದೆ ಏನಾಗಬೇಕು?"

ಕೊಂಡಪ್ಪ ಕಣ್ಣು ಮಿಟುಕಿಸಿದ. ಮಾತು ಈ ಕಡೆ ಹೊರಳುತ್ತದೆಂದು ಅವನು ಎಣಿಸಿರಲಿಲ್ಲ.

"ಏಳಯ್ಯಾ, ಏಳು. ಒನಕೆ ಎಂದದ್ದು ಬಾಯಿತಪ್ಪಿ. ಅಷ್ಟೇನೂ ಕೆಟ್ಟದ್ದಲ್ಲ ಅದು."

"ಸಮಾಧಾನಕ್ಕೆ ಹೇಳುತ್ತೀರಿ, ಬುದ್ಧಿ."

"ಸಮಾಧಾನಕ್ಕಲ್ಲ. ಗುಂಡು ನೂಲು ಹಿಡಿದಂತೆ ನೆಟ್ಟಗೆ ಹೋಗುತ್ತದೆ. ಅಂಥ ಕಬ್ಬಿಣ ಈಗ ಯಾರು ಕಾಯಿಸುತ್ತಾರೆ? ಎಂಬತ್ತು ಹೆಜ್ಜೆ ದೂರದ ಹಂದಿ ನಿಂತಲ್ಲೇ ಬಿತ್ತು, ನಾನೇ ನೋಡಿದೆನಲ್ಲ."

"ಇದ್ದರೂ ತಮ್ಮದರ ಮುಂದೆ ನಮ್ಮದೇನು? ಆ ಎರಡು ಹುಲಿ ನೆನೆಸಿಕೊಂಡರೆ ನನಗೆ ಅನ್ನ ಇಳಿಯುವುದಿಲ್ಲ. ಈ ಪಾಪ ನಮಗೆ ಬೇಡ."

ಕೊಂಡಪ್ಪನಿಗೆ ತಾಳ್ಮೆ ತಪ್ಪಿತು. "ಎಂಥ ಹುಲಿಯೋ ಮಾರಾಯ, ಮಾತಿಗೆ ಹೇಳಿದ್ದು. ನಾಲ್ಕು ಸಲ ಕೋವಿಯ ಕುದುರೆ ಎಳೆದರೆ ಎರಡು ಸಲ ಕಿಡಿಯೇ ಬರುವುದಿಲ್ಲ. ಬಂದರೂ ಗುಂಡು ಎಡಕ್ಕೆ ಹೋಗುತ್ತದೆ. ನಾನು ಅದನ್ನು ಎತ್ತಿದರೆ ನನ್ನ ಆಳುಗಳೇ ಮರದ ಹಿಂದೆ ಹೋಗಿ ನಿಲ್ಲುತ್ತಾರೆ. ಈಗ ಸರಿಯಾಯಿತೇ? ನಿಮ್ಮದೇ ಮೇಲು. ಪಾಪ ಗೀಪ ಏನೂ ಬರುವುದಿಲ್ಲ, ಕೊಡು."

ಕೊಂಡಪ್ಪನ ಹಿಂದೆ ನಿಂತಿದ್ದ ಅವನ ಆಳುಗಳಲ್ಲಿ ಒಬ್ಬ ಅರಿವಿಲ್ಲದೆ ತಲೆಯಾಡಿಸಿಬಿಟ್ಟ.

ಗಾದ್ರಪ್ಪ ಎದ್ದು ನಿಂತು ಪಂಚೆ ಕೊಡವಿಕೊಂಡ. ಅವನ ದನಿ ಮೆತ್ತಗಿತ್ತು.

"ಒಡೆಯರೇ, ಕೋವಿ ಬದಲಾಯಿಸಲು ನನ್ನದೇನೂ ಅಡ್ಡಿಯಿಲ್ಲ. ಒಂದೇ ಒಂದು ಅನುಮಾನ. ನಾಯಕರು ಮೊದಲು ಹೇಳಿದ್ದು ನಿಜವಾದರೆ ನಾವು ಅವರನ್ನು ದೋಚಿದ ಹಾಗೆ. ಆಮೇಲೆ ಹೇಳಿದ್ದು ನಿಜವಾದರೆ ಅವರು ನಮ್ಮನ್ನು ದೋಚಿದ ಹಾಗೆ. ಈ ಎರಡರಲ್ಲಿ ಯಾವ ಕಳ್ಳತನ ನಡೆಯಬೇಕೆಂದು ನಾಯಕರೇ ಅಪ್ಪಣೆ ಕೊಡಿಸಲಿ."

ಕೊಂಡಪ್ಪನ ಮುಖ ಕೆಂಪಾಯಿತು. ಕೈ ಒಂದು ಕ್ಷಣ ಸೊಂಟದ ಕತ್ತಿಯ ಕಡೆ ಹೋಯಿತು. ಆಗ ಅವನ ಪಕ್ಕದಲ್ಲಿ ಕೂತಿದ್ದ ಸೋದರಮಾವ, ಹಲ್ಲಿಲ್ಲದ ಮುದುಕ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅವನ ನಗು ನೋಡಿ ಕೊಂಡಪ್ಪನ ಮೀಸೆಯ ತುದಿಯೂ ಅಲುಗಿತು. ಕಡೆಗೆ ಅವನೂ ತಡೆಯಲಾರದೆ ನಕ್ಕ.

"ಯಾವ ಕಳ್ಳತನವೂ ಬೇಡ," ಎಂದ. "ತಾಂಬೂಲ ಕೊಡಿ, ಹೊರಡುತ್ತೇನೆ. ಉಪ್ಪಿನ ಗಾಡಿಗಳು ಎಂದಿನಂತೆ ಬರುತ್ತವೆ."

ನೆಂಟನ ಕುದುರೆಗಳು ಕೋಟೆಯ ಬಾಗಿಲು ದಾಟಿದ ಮೇಲೆ ಸರ್ಜಪ್ಪ ತನ್ನ ಹೆಗಲ ಶಾಲು ತೆಗೆದು ಗಾದ್ರಪ್ಪನಿಗೆ ಹೊದಿಸಿದ.

"ಅಲ್ಲಯ್ಯಾ, ಅವನು ಕತ್ತಿ ಹಿರಿದಿದ್ದರೆ ಏನು ಗತಿ?"

"ಕತ್ತಿ ಹಿರಿದಿದ್ದರೆ ನನಗೊಬ್ಬನಿಗೆ ಅಪಾಯ, ಒಡೆಯರೇ," ಎಂದ ಗಾದ್ರಪ್ಪ. "ಆ ಕೋವಿ ಎತ್ತಿ ನನಗೆ ಗುರಿಯಿಟ್ಟಿದ್ದರೆ, ನನ್ನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಅಪಾಯ."