ಚಪ್ಪಲಿಗಳನ್ನು ಮೂಸಿದ ನಾಯಿಮರಿ

ನಾಯಿಗಳ ಮಾತೂ ಚಪ್ಪಲಿಗಳ ಮಾತೂ ಸೊಗಸಾಗಿ ಬಲ್ಲವನು ಈ ಜಿಲ್ಲೆಯಲ್ಲಿ ನಾನೊಬ್ಬನೇ. ಆದ್ದರಿಂದ ಕಣ್ಣುಮುಚ್ಚಿ ನಂಬಿ. ಇಬ್ಬರು ಮಕ್ಕಳ ತಾಯಿಯಾದ ನಮ್ಮ ಶಾಂಭವಿಯ ಮನೆಗೆ ಒಂದು ನಾಯಿಮರಿ ಬಂತು. ಇಟ್ಟುಕೊಳ್ಳುವುದೋ, ವಾಪಸ್ಸು ಕಳಿಸುವುದೋ ಎಂದು ಒಳಗೆ ಚರ್ಚೆ ನಡೆದಿರುವಾಗ, ಮರಿ ಹೊಸ್ತಿಲಾಚೆಯ ಚಪ್ಪಲಿಗಳನ್ನೇ ಕೇಳಿತು: "ಮಹನೀಯರೇ, ದಿನಾ ಬೆಳಿಗ್ಗೆ ನನ್ನನ್ನು ಹೊರಗೆ ಕರೆದೊಯ್ಯುವವರು ಯಾರು?"

"ನಾವು! ಗಾಡ್ ಪ್ರಾಮಿಸ್!" ಎಂದು ಮಕ್ಕಳ ಎರಡು ಜೊತೆ ಬೂಟುಗಳು ಕುಣಿದವು.

"ನಾನಂತೂ ಅಲ್ಲ," ಎಂದಿತು ಶಾಂಭವಿಯ ಹವಾಯಿ ಚಪ್ಪಲಿ. "ಎರಡು ಮರಿ ಸಾಕಿಯೇ ಇಷ್ಟು ಸವೆದಿದ್ದೇನೆ. ಮೂರನೆಯದು ಬೇಡವೇ ಬೇಡ. ನಡಿ ಆಚೆ!"

ಮರಿ ಒಂದೊಂದನ್ನೂ ಮಗುಚಿ ಅಡಿಭಾಗ ಮೂಸಿತು. ಬೂಟುಗಳಲ್ಲಿ ಶಾಲೆಯ ಬಸ್ಸಿನ ವಾಸನೆ ಬಿಟ್ಟರೆ ಬೇರೇನಿಲ್ಲ. ಹವಾಯಿಯಲ್ಲಿ ಹಾಲಿನ ಬೂತು, ತರಕಾರಿ ಗಾಡಿ, ಔಷಧಿ ಅಂಗಡಿ, ಹೋದ ವರ್ಷ ಮಕ್ಕಳು ತಾವೇ ಸಾಕುತ್ತೇವೆಂದು ತಂದ ಮೊಲದ ಹುಲ್ಲು, ಎಲ್ಲವೂ ಇದ್ದವು.

ಮರಿ ಬೂಟುಗಳಿಗೆ ವಿನಯದಿಂದ ವಂದಿಸಿ, ಹವಾಯಿಯ ಮೇಲೆ ತಲೆಯಿಟ್ಟು ಮಲಗಿತು.

"ಏಯ್, ಬೇಡ ಅಂದೆನಲ್ಲ! ಕಿವಿ ಕೇಳಿಸಲ್ವಾ?"

"ಕೇಳಿಸಿತಮ್ಮಾ. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡೋಣ?"

"ಐದೂವರೆಗೆ," ಎಂದು ಗೊಣಗಿತು ಹವಾಯಿ.