ಮೊಳೆ ಬಿಡದ ಗರಿ

ನಾನೊಂದು ನಿವೃತ್ತ ತೆಂಗಿನ ಗರಿ. ಸೇವೆ ಮಾಡಿದ್ದು ಒಂದೇ ಒಂದು ಬೆಳಗು, ಯೇಸು ಕತ್ತೆಯೇರಿ ಜೆರುಸಲೇಮಿಗೆ ಬಂದಾಗ ಜನ ಗರಿ ಬೀಸಿದ್ದರ ನೆನಪಿಗೆ ನಡೆಯುವ ಗರಿಗಳ ಭಾನುವಾರದ ಮೆರವಣಿಗೆಯಲ್ಲಿ. ವಿಶ್ರಾಂತಿ ಮಾತ್ರ ವರ್ಷಪೂರ್ತಿ! ಬ್ರಿಜಿತ್ತಮ್ಮ ನನ್ನನ್ನು ಮನೆಗೆ ತಂದು, ಗೋಡೆಯ ಶಿಲುಬೆಯ ಹಿಂದೆ ಮೊಳೆಗೆ ಸಿಕ್ಕಿಸಿದರು. ಅಂದಿನಿಂದ ಪಕ್ಕದ ಹಲ್ಲಿಯನ್ನು ಕೂರಿಸಿಕೊಂಡು, "ಯೇಸುವಿಗೆ ಜಯಕಾರ ಹಾಕುವಾಗ ಎಲ್ಲರಿಗಿಂತ ಜೋರಾಗಿ ಬೀಸಿದವನು ನಾನೇ ಕಣಯ್ಯಾ" ಎಂದು ಕೊರೆಯುವುದೇ ನನ್ನ ಭಕ್ತಿ. ಪಾಪ, ಹಲ್ಲಿಗೆ ಅದು ಬಾಯಿಪಾಠವಾಗಿತ್ತು.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಹತ್ತಿರ ಬಂತು. ಹಳೆಯ ಗರಿಗಳನ್ನು ಸುಟ್ಟು, ಅದರ ಮೊದಲ ದಿನವಾದ ಬೂದಿ ಬುಧವಾರದಂದು ಆ ಬೂದಿಯನ್ನೇ ಪಶ್ಚಾತ್ತಾಪದ ಗುರುತಾಗಿ ಭಕ್ತರ ಹಣೆಗೆ ಹಚ್ಚುವುದು ಚರ್ಚಿನ ವಾಡಿಕೆ. ಬ್ರಿಜಿತ್ತಮ್ಮ ಬುಟ್ಟಿ ಹಿಡಿದು ಬಂದು ನನ್ನನ್ನು ಎಳೆದರು. ನಾನು ಮೊಳೆಯನ್ನು ಕಚ್ಚಿಕೊಂಡೆ. ಇನ್ನೊಮ್ಮೆ ಎಳೆದರು, ಶಿಲುಬೆಯೇ ವಾಲಿತು.

"ಏ ಗರಿರಾಯಾ, ಬಿಡೋ! ಶಿಲುಬೆ ಬೀಳುತ್ತೆ!" ಎಂದಿತು ಹಲ್ಲಿ.

"ಬಿಟ್ಟರೆ ಸುಟ್ಟುಬಿಡ್ತಾರಯ್ಯಾ! ನಾನು ಯೇಸುವಿನ ಪಕ್ಕದಲ್ಲೇ ಇರಬೇಕು."

ಹಲ್ಲಿ ಲೊಚಗುಟ್ಟಿತು. "ಯಾರ ಪಕ್ಕ ಮಾರಾಯ? ಅವರು ಕತ್ತೆಯಿಂದಿಳಿದು ಶಿಲುಬೆಯ ಕಡೆಗೆ ನಡೆದು ಎಷ್ಟು ಕಾಲವಾಯಿತು! ನೀನೊಬ್ಬನೇ ಇನ್ನೂ ಮೆರವಣಿಗೆಯಲ್ಲಿದ್ದೀಯ."

ವಾಲಿದ ಶಿಲುಬೆಯನ್ನೊಮ್ಮೆ ನೋಡಿದೆ. ಮೊಳೆ ಬಿಟ್ಟೆ.

ಈಗ ಬ್ರಿಜಿತ್ತಮ್ಮನ ಹಣೆಯ ಮೇಲೆ ಚಿಟಿಕೆ ಬೂದಿಯಾಗಿ ಕೂತಿದ್ದೇನೆ. ಇಲ್ಲೂ ಅಕ್ಕಪಕ್ಕದ ಹಣೆಗಳಿಗೆ ನನ್ನ ಪರಿಚಯ ಹೇಳಿಕೊಳ್ಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ, ಬ್ರಿಜಿತ್ತಮ್ಮ ಪ್ರಾರ್ಥನೆಗೆ ತಲೆ ಬಾಗಿಸಿದರು. ಹುಟ್ಟಿದಾಗಿನಿಂದ ಸೆಟೆದೇ ಇದ್ದ ನಾನು ಮೊದಲ ಸಲ ಅವರ ಜೊತೆ ಬಾಗಿದೆ.