ತಡಿ ಎನ್ನುವವಳು

“ಗುರುಗಳೇ, ಕೆಟ್ಟ ಕೋಶ ಬೆಳೆಯದಂತೆ ತಡೆಯುವ ಪ್ರೋಟೀನು ಈ ರೋಗಿಯ ಬಾಯಿಯ ಗಡ್ಡೆಯಲ್ಲಿ ಬೇಕಾದಷ್ಟಿದೆ. ಕಾವಲಿದ್ದೂ ಕ್ಯಾನ್ಸರ್ ಹೇಗೆ ಬೆಳೆಯಿತು?” ಎಂದು ಶಿಷ್ಯ ಕೇಳಿದ.

ಗುರುಗಳು ಆಸ್ಪತ್ರೆಯ ಹಿರಿಯ ವೈದ್ಯರು. ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, “ಆ ಪ್ರೋಟೀನಿನ ರೂಪ ಕೆಟ್ಟಿದೆ, ತಡೆಯುವ ಶಕ್ತಿ ಉಳಿದಿಲ್ಲ. ಇಷ್ಟನ್ನು ನೀನೂ ಓದಿದ್ದೀಯ” ಎಂದರು.

“ಓದಿದ್ದೇನೆ. ಇದ್ದೂ ಇಲ್ಲದಂತಾಗುವುದು ಹೇಗೆ ಎಂಬುದು ಮಾತ್ರ ಮನಸ್ಸಿಗೆ ಹತ್ತುತ್ತಿಲ್ಲ.”

“ನಿನ್ನ ತಲೆಗೆ ಪುಸ್ತಕ ಸಾಲದು, ಕತೆಯೇ ಬೇಕು” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಕೈ ಚುರುಕು, ಸಿಟ್ಟು ಅದಕ್ಕಿಂತ ಚುರುಕು. ದವಡೆಯಲ್ಲಿ ಸದಾ ತಂಬಾಕು. ಅವನು ನೇಯುವಾಗ ಮಗ್ಗದ ಒಂದು ಬದಿಗೆ ತಾಯಿ, ಇನ್ನೊಂದು ಬದಿಗೆ ಹೆಂಡತಿ ಕೂರುತ್ತಿದ್ದರು. ಎಳೆ ತಪ್ಪಿದರೆ ಇಬ್ಬರಲ್ಲಿ ಒಬ್ಬರು ‘ತಡಿ’ ಅನ್ನುತ್ತಿದ್ದರು. ಅವನು ಗೊಣಗುತ್ತಲೇ ನಿಲ್ಲಿಸಿ, ಎಳೆ ಬಿಚ್ಚಿ ಸರಿಮಾಡುತ್ತಿದ್ದ. ತಂಬಾಕಿನ ಚೀಲಕ್ಕೆ ಕೈ ಹೋದರೂ ಅದೇ ಮಾತು.

ತಾಯಿ ತೀರಿಕೊಂಡಳು. ಸೀರೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹೆಂಡತಿ ಇದ್ದಳಲ್ಲ.

ಒಂದು ದಿನ ಬೇರೆ ನೇಕಾರರು ಬಂದು ಕೂತಿದ್ದಾಗ ಅವಳು, “ತಡೀರಿ, ಎಳಿ ತಪ್ಪೇತಿ. ಬಾಯಾಗಿಂದೂ ಉಗುಳ್ರಿ, ಗಲ್ಲದೊಳಗ ಬೆಳ್ಳಗ ಆಗೇತಿ” ಅಂದಳು. ನಾಲ್ಕು ಜನರೆದುರು ಅವನಿಗೆ ಮಾನ ಹೋದಂತಾಯಿತು. “ಬಾಯಿ ಮುಚ್ಚಿಕೊಂಡು ಕುಂದ್ರು” ಎಂದು ಗದರಿದ. ಅವಳು ಎದ್ದು ತವರಿಗೆ ಹೋದಳು.

ಮೊದಮೊದಲು ಅವನಿಗೆ ಹಾಯೆನಿಸಿತು. ಮಗ್ಗ ಎಲ್ಲಿಯೂ ನಿಲ್ಲದೆ ಓಡಿತು. ಆಮೇಲೆ ಸೀರೆ ಬಿಡಿಸಿ ನೋಡಿದರೆ ಒಂದು ತಪ್ಪು ಇನ್ನೊಂದನ್ನು ಎಳೆದುಕೊಂಡು ಸೆರಗಿನವರೆಗೂ ಹೋಗಿತ್ತು. ಸೀರೆ ಹಾಳಾದದ್ದು ಹೋಗಲಿ, ಅವನಿಗೆ ಆ ದನಿ ಬೇಕಾಗಿತ್ತು. ಮಗ್ಗದ ಸದ್ದಿನ ನಡುವೆ ಕಿವಿ ಅದೊಂದು ಮಾತಿಗೇ ಕಾಯುತ್ತಿತ್ತು. ತಂಬಾಕು ತಿಕ್ಕುವಾಗ ಕೈ ತಾನಾಗಿ ನಿಲ್ಲುತ್ತಿತ್ತು. ಯಾರೂ ಬೇಡ ಅನ್ನುತ್ತಿರಲಿಲ್ಲ, ಹಾಕಿಕೊಳ್ಳುತ್ತಿದ್ದ.

ಕೊನೆಗೆ ತವರಿಗೆ ಹೋಗಿ, ಕೈಮುಗಿದು ಕರೆತಂದ. ಅವಳು ಬಂದು ತನ್ನ ಜಾಗದಲ್ಲೇ ಕೂತಳು. ಎಳೆ ತಪ್ಪಿತು. ಅವಳು ನೋಡಿದಳು, ಸುಮ್ಮನಿದ್ದಳು. ಅವನು ಬೇಕೆಂದೇ ಇನ್ನೊಂದು ಎಳೆ ತಪ್ಪಿಸಿದ. ಆಗಲೂ ಸುಮ್ಮನಿದ್ದಳು. ಒಮ್ಮೆ ಬೈಯಲಿ ಎಂಬ ಆಸೆಗೆ ಅವಳ ಕಣ್ಣೆದುರೇ ತಂಬಾಕಿನ ಮೇಲೆ ತಂಬಾಕು ಹಾಕಿಕೊಂಡ. ಗಲ್ಲ ಹುಣ್ಣಾಗಿ ಉರಿಯುತ್ತಿದ್ದರೂ ಹಾಕಿಕೊಂಡ. ಆ ಹೆಂಗಸನ್ನು ನೀನು ದೂರಬೇಡ, ನನಗೆ ಸಿಟ್ಟು ಬರುತ್ತದೆ. ಹೇಳಬೇಕೆಂದು ಅವಳೂ ತುಟಿ ತೆರೆಯುತ್ತಿದ್ದಳು. ಅಂದಿನ ಗದರಿಕೆ ನೆನಪಾಗಿ ತುಟಿ ಮುಚ್ಚಿಕೊಳ್ಳುತ್ತಿದ್ದಳು.

“ಒಂದು ಸಲ ತಡೀರಿ ಅನ್ನು” ಎಂದು ಅವನು ಅಂಗಲಾಚಿದ.

“ಬಾಯಿ ಮುಚ್ಚಿಕೊಂಡು ಕುಂದ್ರು ಅಂದಿದ್ರಿ. ಕುಂತೀನಿ” ಅಂದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಕೊನೆಗಾದರೂ ಆಕೆ ಅವನನ್ನು ಬೈದಳೇ?” ಎಂದು ಕೇಳಿದ.

“ಬೈದಳು, ಅವನ ಹೆಣದ ಮುಂದೆ ಕೂತು ದಿನವಿಡೀ ಬೈದಳು.”